ಆಫೀಸಲ್ಲಿ ಬಂದ್ ಆದ್ಮೇಲೆ 12 ಸಿಗರೇಟು 5 ಆಯ್ತು, ಭಾನುವಾರ ಮಾತ್ರ 14. ಇದು ಕಮ್ಮಿ ಆದ ಲೆಕ್ಕವಾ?

ಕೇಳಿದವರು: ಉಪ್ಪಳ ಪ್ಯಾಸೆಂಜರ್

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಬದಿಯ ಉಪ್ಪಳದವ, ಕೆಲಸ ಮಂಗಳೂರಲ್ಲಿ, ದಿನಾ ಬೆಳಿಗ್ಗೆ ತಲಪಾಡಿ ಗಡಿ ದಾಟಿ ಹೋಗುದು ಸಂಜೆ ದಾಟಿ ಬರುದು. ವಯಸ್ಸು 38, ಸಿಗರೇಟು ಕಾಲೇಜಲ್ಲಿ ಅಂಟಿದ್ದು. ದಿನಕ್ಕೆ 12, ಕೆಲವೊಮ್ಮೆ ಒಂದೆರಡು ಹೆಚ್ಚು, ಅದಕ್ಕಿಂತ ಕಮ್ಮಿ ಆದ ದಿನ ನೆನಪಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಆಫೀಸು ಹೊಸ ಬಿಲ್ಡಿಂಗಿಗೆ ಹೋಯ್ತು. ಹಳೇ ಕಡೆ ಜನರೇಟರ್ ಹಿಂದೆ ಒಂದು ಮೂಲೆ ಇತ್ತು, ಯಾರೂ ಕೇಳ್ತಿರ್ಲಿಲ್ಲ, ಅರ್ಧ ಮೀಟಿಂಗು ಅಲ್ಲೇ ಮುಗೀತಿತ್ತು. ಹೊಸದ್ರಲ್ಲಿ ಗೇಟಿನ ಒಳಗೆ ಎಲ್ಲಿಯೂ ಇಲ್ಲ, ಟೆರೇಸಿಗೆ ಬೀಗ, ಟಾಯ್ಲೆಟ್ಟಲ್ಲಿ ಹೊಗೆ ಕಂಡ್ರೆ ಕೂಗುವ ಮೆಷಿನ್, ಹೊರಗೆ ಹೋಗ್ಬೇಕಾದ್ರೆ ಕಾರ್ಡ್ ತೋರಿಸ್ಬೇಕು, ಎಷ್ಟೊತ್ತಿಗೆ ಹೋದೆ ಎಷ್ಟೊತ್ತಿಗೆ ಬಂದೆ ಅಂತ ಎಲ್ಲ ಬೀಳ್ತದೆ. ಹಾಗಾಗಿ ಈಗ ಎದ್ದ ಕೂಡ್ಲೆ ಒಂದು, ಆಫೀಸಿಗೆ ಹೋಗುವ ಮೊದ್ಲು ಒಂದು, ಊಟದ ಹೊತ್ತಿಗೆ ಗೇಟಿನ ಹೊರಗೆ ಒಂದು, ಸಂಜೆ ಬಸ್ಸಿಗೆ ಮೊದ್ಲು ಒಂದರ ಬೆಂಕಿಯಿಂದ ಇನ್ನೊಂದು ಹಚ್ಚಿ ಎರಡು. ಒಟ್ಟು ಐದು. ರಾತ್ರಿ ಮನೆಯಲ್ಲಿ ಮಗಳು ಇರ್ತಾಳೆ, ಸೇದುದಿಲ್ಲ.

ಆದ್ರೆ ಭಾನುವಾರ 14 ಆಗ್ತದೆ, ಬಾತ್‌ರೂಮ್, ತೋಟದ ಬದಿ, ಬಾವಿಕಟ್ಟೆ, ಎಲ್ಲ ಕಡೆ. ಹೆಂಡತಿ ಹೇಳುದು, ವಾರದ ಬಾಕಿ ಎಲ್ಲ ಮನೆಗೆ ತಂದು ತೀರಿಸುದಾ ನೀವು ಅಂತ. ಇನ್ನೊಂದು ನಾನೇ ಗಮನಿಸಿದ್ದು, ಆ ಐದನ್ನು ಮೊದ್ಲಿನ ಹಾಗೆ ಸೇದುದಿಲ್ಲ, ಫಿಲ್ಟರ್ ಬಿಸಿ ಆಗುವ ತನಕ ಎಳೀತೇನೆ, ಎರಡು ನಿಮಿಷದಲ್ಲಿ ಖಾಲಿ. ಹೀಗಾದ್ರೆ ಕಮ್ಮಿ ಆದದ್ದು ಹೌದಾ ಅಲ್ವಾ? ಬಂದ್ ಮಾಡಿದ್ದರಿಂದ ನಿಮ್ಮಲ್ಲಿ ಯಾರಿಗಾದ್ರೂ ಪೂರ್ತಿ ಬಿಟ್ಟು ಹೋದದ್ದುಂಟಾ? ಉಪದೇಶ ಬೇಡ, ಅದು ಮನೆಯಲ್ಲಿ ಬೇಕಾದಷ್ಟು ಸಿಗ್ತದೆ.

---

ಬದಿಯಡ್ಕದ ಹಳಬ:

ಉಪದೇಶ ಇಲ್ಲ ಮಾರಾಯ್ರೆ, ನಾನೇ ದಿನಕ್ಕೆ ಎರಡು ಕಟ್ಟು ಬೀಡಿಯ ಗಿರಾಕಿ ಆಗಿದ್ದವ, ಬಿಟ್ಟು 11 ವರ್ಷ ಆಯ್ತು.

ನಿಮಗೆ ಗೊತ್ತುಂಟಾ ಇಲ್ವಾ, ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅಂತ ದೇಶದ ಹೈಕೋರ್ಟುಗಳಲ್ಲಿ ಮೊದ್ಲು ಹೇಳಿದ್ದೇ ನಮ್ಮ ಕೇರಳದ್ದು, 1999ರ ಜುಲೈಯಲ್ಲಿ, ಒಬ್ರು ಕಾಲೇಜು ಪ್ರೊಫೆಸರಮ್ಮ ಕೋರ್ಟಿಗೆ ಹೋದ್ದರಿಂದ. ಸುಪ್ರೀಂ ಕೋರ್ಟು ಹೇಳಿದ್ದು 2001ರಲ್ಲಿ, ಈಗಿನ ರೂಲ್ಸು ಬಂದದ್ದು 2008ರ ಗಾಂಧಿ ಜಯಂತಿಗೆ. ಅದಕ್ಕಿಂತ ಮೊದ್ಲು ಬದಿಯಡ್ಕ ಕಾಸರಗೋಡು ಬಸ್ಸಲ್ಲಿ 'ಪುಗವಲಿ ಪಾಡಿಲ್ಲ' ಅಂತ ಬರೆದ ಬೋರ್ಡಿನ ಅಡಿಯಲ್ಲೇ ಕೂತು ನಾವು ಬೀಡಿ ಹಚ್ಚಿದ್ದುಂಟು, ಕಂಡಕ್ಟರ್ ಕಿವಿಯಲ್ಲೂ ಒಂದು ಇರ್ತಿತ್ತು. ಕೋರ್ಟು ಹೇಳಿದ ವರ್ಷ ಪೊಲೀಸರು ಬಸ್‌ಸ್ಟ್ಯಾಂಡಲ್ಲಿ ಹಿಡೀತಾರೆ ಅಂತ ಹೆದರಿಕೆ, ಅಜ್ಜಂದಿರು ಬೀಡಿಯನ್ನು ಅಂಗೈ ಒಳಗೆ ಮುಚ್ಚಿ ಎಳೆಯುದು, ಮುಷ್ಟಿಯಿಂದ ಹೊಗೆ ಬರ್ತಿತ್ತು. ಆರು ತಿಂಗಳಲ್ಲಿ ಆ ಹೆದರಿಕೆ ಹೋಯ್ತು. ಆದ್ರೆ ಬಸ್ಸಿನ ಒಳಗೆ ಮಾತ್ರ ಹಚ್ಚುದು ಮತ್ತೆ ಶುರು ಆಗ್ಲೇ ಇಲ್ಲ, ಪೊಲೀಸರಿಂದ ಅಲ್ಲ, ಪಕ್ಕದಲ್ಲಿ ಕೂತ ಹೆಂಗಸರಿಗೆ ಬಾಯಿ ಬಂತು. ಮೊದ್ಲು ಮೂಗಿಗೆ ಸೆರಗು ಹಿಡೀತಿದ್ದವರು 'ಕೋರ್ಟು ಹೇಳಿದೆ ಗೊತ್ತುಂಟಲ್ಲ' ಅಂತ ಹೇಳ್ಲಿಕ್ಕೆ ಶುರು ಮಾಡಿದ್ರು.

ನಂಗೆ ಆದದ್ದು ಎಂತ ಅಂದ್ರೆ ಬಸ್ಸಿನ ಆ ಮುಕ್ಕಾಲು ಗಂಟೆ ಬೀಡಿ ನೆನಪಾಗುದೇ ನಿಂತೋಯ್ತು. ಇಳಿದ ಕೂಡ್ಲೆ ನೆನಪಾಗ್ತಿತ್ತು, ಹತ್ತಿದ ಮೇಲೆ ಇಲ್ಲ. ಚಟ ಹಾಗೇ ಇತ್ತು, ಆ ಜಾಗದಲ್ಲಿ ಮಾತ್ರ ಸತ್ತಿತ್ತು.

ಇನ್ನು ಪೂರ್ತಿ ಬಿಟ್ಟು ಹೋಗ್ತದಾ ಅಂತ ಕೇಳಿದ್ರಿ. ಶಬರಿಮಲೆಗೆ ಮಾಲೆ ಹಾಕಿದವರನ್ನು ನೋಡಿ. 41 ದಿನ ಮುಟ್ಟುದಿಲ್ಲ, ಯಾವ ಪೊಲೀಸೂ ಇಲ್ಲ, ಫೈನೂ ಇಲ್ಲ, ಇನ್ನೂ ಹೇಳ್ಬೇಕಾದ್ರೆ ಆ ದಿನಗಳಲ್ಲಿ ಸಿಟ್ಟು ನಡುಕ ಅಂತ ಕೂಡ ನಮ್ಮ ಜೊತೆ ಬಂದವರು ಯಾರೂ ಹೇಳಿದ್ದಿಲ್ಲ. ನಾನು ಏಳು ಸಲ ಹೋದವ, ಏಳು ಸಲವೂ ದರ್ಶನ ಮುಗಿಸಿ ಪಂಪೆಗೆ ಇಳಿದು ಮಾಲೆ ತೆಗೆದ ಹತ್ತು ನಿಮಿಷಕ್ಕೆ ಬೀಡಿ. ಉಪವಾಸದ ತಿಂಗಳಲ್ಲಿ ನಮ್ಮ ಬ್ಯಾರಿ ದೋಸ್ತಿಗಳೂ ಹಾಗೇ, ಹಗಲು ಹದಿಮೂರು ಗಂಟೆ ಒಂದು ಮಾತಿಲ್ಲ, ಬಾಂಗ್ ಆಗಿ ಖರ್ಜೂರ ಬಾಯಿಗೆ ಹಾಕಿದ ಮೇಲೆ ಕೈ ಕಿಸೆಗೆ. ದೇಹಕ್ಕೆ 41 ದಿನ ಧಾರಾಳ ಸಾಕು, ಮುಗಿಯುವ ದಿನ ಗೊತ್ತಿದ್ರೆ ಮನಸ್ಸು ಕಾದು ಕೂರ್ತದೆ ಅಷ್ಟೆ. ನಿಮಗೆ ಪಂಪೆ ಅಂದ್ರೆ ಭಾನುವಾರ.

---

ಹೊಸೂರು ಬಿ ಶಿಫ್ಟ್:

ಗುರು ಮೊದಲು ಲೆಕ್ಕ ಮಾಡು, 12 ಏಳ್ಲಿ 84, ಈಗ ಆರು ದಿನ ಐದು ಅಂದ್ರೆ 30, ಭಾನುವಾರ 14, ಒಟ್ಟು 44. ಹೆಂಡ್ತಿಗೆ ಇದನ್ನ ತೋರಿಸು.

ನಂದು ಹೊಸೂರು ಸಿಪ್ಕಾಟ್ ಕಡೆ ಫ್ಯಾಕ್ಟರಿ. ಗೋಡೆಗೆಲ್ಲ 'ಪುಗೈ ಪಿಡಿಕ್ಕಾದೀರ್', ಗೇಟಲ್ಲೇ ಲೈಟರ್ ಕಿತ್ಕೊಂಡು ಡಬ್ಬಕ್ಕೆ ಹಾಕ್ತಾರೆ, ಪೇಂಟ್ ಶಾಪ್ ಇರೋದ್ರಿಂದ ಅದು ಸರಿನೇ. ನಮ್ಮ ಹುಡುಗ್ರು ಮಾಡೋದು ಏನಂದ್ರೆ ಶಿಫ್ಟಿಗೆ ಮುಂಚೆ ಟೀ ಅಂಗಡಿ ಹತ್ರ ಬ್ಯಾಟರಿ ಚಾರ್ಜ್ ಮಾಡ್ಕೊಳ್ಳೋ ಥರ ಎರಡು ಮೂರು ಹೊಡ್ಕೊಂಡೇ ಒಳಗೆ ಹೋಗೋದು, ಎಂಟು ಗಂಟೆ ಆದ್ಮೇಲೆ ಓಡ್ಕೊಂಡು ಬಂದು ಮತ್ತೆ ಎರಡು, ಆದ್ರೆ ತಮಾಷೆ ಏನಂದ್ರೆ ಮಧ್ಯ ಊಟದ ಟೈಮಲ್ಲಿ ಗೇಟ್ ತನಕ ಹೋಗಿ ಬರೋಕೆ ಹನ್ನೆರಡು ನಿಮಿಷ ಬೇಕು, ಮೊದಲ ತಿಂಗಳು ಎಲ್ಲ ಹೋಗ್ತಿದ್ರು, ಬಿಸಿಲು ಕಾಲ ಬಂದ್ಮೇಲೆ ಅರ್ಧ ಜನ ಕ್ಯಾರಂ ಬೋರ್ಡ್ ಹತ್ರ ಉಳ್ಕೊಂಡ್ರು. ಕ್ಯಾರಂ ಆಡೋಕೆ ಜನ ಸಿಕ್ರೆ ಸಿಗರೇಟಿಗೆ ಜೊತೆ ಸಿಗಲ್ಲ ನೋಡು. ಒಬ್ಬನೇ ಅಷ್ಟು ದೂರ ನಡ್ಕೊಂಡು ಹೋಗಿ ಸೇದೋನು ಮಾತ್ರ ನಿಜವಾದ ಅಡಿಕ್ಟು, ಅಂಥವ್ರು ನಮ್ ಲೈನಲ್ಲಿ ಮೂರೇ ಜನ. ನಾನೂ ಅದ್ರಲ್ಲಿ ಒಬ್ಬ.

ಬಿಡಿ ಸಿಗರೇಟು ಮಾರಬಾರ್ದು ಅಂತ ಕರ್ನಾಟಕದಲ್ಲಿ 2017ರಲ್ಲೇ ಮಾಡಿದಾರೆ, ಅತ್ತಿಬೆಲೆ ದಾಟಿ ತಮಿಳುನಾಡಿಗೆ ಹೋದ್ರೆ ಅಂಗಡಿಯಲ್ಲಿ ಬಿಡಿ ಆರಾಮಾಗಿ ಸಿಗುತ್ತೆ. ಪ್ಯಾಕ್ ತಗೊಂಡ್ರೆ ಮಾತ್ರ ನಂಗೆ ಜಾಸ್ತಿ ಆಗುತ್ತೆ, ಕಿಸೆಲಿ ಇದ್ರೆ ಕೈ ಸುಮ್ನೆ ಇರಲ್ಲ. ಆ ರೂಲ್ಸು ನನ್ನಂಥವನಿಗೆ ಉಲ್ಟಾ.

---

ಕುಂಬಳೆ ಮದ್ದಿನಂಗಡಿ:

ನಂದು ಮೆಡಿಕಲ್ ಶಾಪು, ಈ ಪ್ರಶ್ನೆ ಕೌಂಟರಲ್ಲಿ ವಾರಕ್ಕೊಮ್ಮೆ ಬರ್ತದೆ, ಸ್ವಲ್ಪ ಉದ್ದ ಬರೀತೇನೆ.

ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೆ ಅರ್ಧ ಆಗ್ತದೆ. ದಿನಕ್ಕೆ 12 ಸೇದುವವನ ದೇಹ ಒಂದು ಮಟ್ಟಕ್ಕೆ ಹೊಂದಿಕೊಂಡಿರ್ತದೆ, ಸಂಖ್ಯೆ ಕಮ್ಮಿ ಮಾಡಿದ್ರೆ ಅದೇ ಮಟ್ಟ ಹಿಡಿಲಿಕ್ಕೆ ಗೊತ್ತಿಲ್ಲದೆ ಉದ್ದ ಎಳೆಯುದು, ಹೊಗೆ ಒಳಗೆ ಹೆಚ್ಚು ಹೊತ್ತು ಹಿಡಿಯುದು, ಬುಡದ ತನಕ ಸೇದುದು. ನೀವು ಹೇಳಿದ 'ಫಿಲ್ಟರ್ ಬಿಸಿ' ಅದೇ. ಹಾಗಾಗಿ 12ರಿಂದ 5 ಅಂದ್ರೆ ಒಳಗೆ ಹೋಗುವ ವಿಷ ಕೂಡ ಅಷ್ಟೇ ಪಾಲು ಇಳಿದಿದೆ ಅಂತ ಲೆಕ್ಕ ಹಾಕ್ಬೇಡಿ. ಇಳಿದಿದೆ, ಅಷ್ಟು ಇಳಿದಿಲ್ಲ.

ಕೆಲಸದ ಜಾಗ ಪೂರ್ತಿ ಬಂದ್ ಮಾಡಿದ ಕಡೆಗಳ ಅಧ್ಯಯನಗಳನ್ನು ಒಟ್ಟು ಹಾಕಿ 2002ರಲ್ಲಿ ಲೆಕ್ಕ ಮಾಡಿದ್ದುಂಟು, ಸೇದುವುದು ಮುಂದುವರಿಸಿದವರಿಗೆ ದಿನಕ್ಕೆ ಸುಮಾರು ಮೂರು ಸಿಗರೇಟು ಕಮ್ಮಿ ಆಗಿತ್ತು, ಸೇದುವವರ ಪ್ರಮಾಣ ಶೇಕಡಾ 3.8 ಇಳಿದಿತ್ತು. ಒಂದು ಮೂಲೆ ಬಿಟ್ಟುಕೊಟ್ಟ ಕಡೆ ಇಷ್ಟು ಪರಿಣಾಮ ಇರ್ಲಿಲ್ಲ. ಅಂದ್ರೆ ನಿಮ್ಮ ಹಳೇ ಆಫೀಸಿನ ಜನರೇಟರ್ ಮೂಲೆಯೇ ವಿಲನ್.

ನೀವು ಎದ್ದ ಕೂಡ್ಲೆ ಒಂದು ಅಂದ್ರಲ್ಲ, ಡಾಕ್ಟ್ರು ಮೊದ್ಲು ಕೇಳುದೇ ಅದು. ಎದ್ದು ಅರ್ಧ ಗಂಟೆಯ ಒಳಗೆ ಬೇಕು ಅಂತಾದ್ರೆ ಅಂಟು ಗಟ್ಟಿ ಉಂಟು. ಆಫೀಸಿನ ಬಂದ್ ನಿಮ್ಮ ಹಗಲಿನ ಏಳನ್ನು ತೆಗೆದಿದೆ, ಅವು ಚಾ, ಹರಟೆ, ಬೋರು, ಇಂಥವಕ್ಕೆ ಅಂಟಿಕೊಂಡಿದ್ದವು, ಅದಕ್ಕೇ ಸುಲಭ ಹೋದವು. ಉಳಿದ ಐದು ನಿಕೋಟಿನಿಂದು, ಅದನ್ನು ಬೋರ್ಡು ತೆಗೆಯುದಿಲ್ಲ.

ನಿಕೋಟಿನ್ ಗಮ್ ಬಗ್ಗೆ. 2 ಮಿಲಿಗ್ರಾಮಿಂದು ಚೀಟಿ ಇಲ್ಲದೆ ಸಿಗ್ತದೆ. ನಮ್ಮಲ್ಲಿ ತಗೊಂಡವರಲ್ಲಿ ಅರ್ಧ ಜನ ಮರುದಿನ ಬಂದು ಬಿಕ್ಕಳಿಕೆ, ಗಂಟಲು ಉರಿ, ಆಗುದಿಲ್ಲ ಅಂತಾರೆ, ಯಾಕಂದ್ರೆ ಮಕ್ಕಳ ಬಬಲ್‌ಗಮ್ಮಿನ ಹಾಗೆ ಗಬಗಬ ಜಗೀತಾರೆ. ಹಾಗಲ್ಲ. ನಿಧಾನ ನಾಲ್ಕಾರು ಸಲ ಜಗಿದು ಬಾಯಿ ಚುರುಚುರು ಅಂದ ಕೂಡ್ಲೆ ನಿಲ್ಸಿ, ಎಲೆಯಡಿಕೆ ಒತ್ತಿಡುವ ಹಾಗೆ ದವಡೆಯ ಬದಿಯಲ್ಲಿ ಇಟ್ಕೊಳ್ಳಿ, ಚುರುಚುರು ಹೋದ್ಮೇಲೆ ಮತ್ತೆ ಜಗಿರಿ, ಅರ್ಧ ಗಂಟೆ ಹೀಗೆ. ಅದಕ್ಕೆ ಮೊದ್ಲು ಕಾಲು ಗಂಟೆ ಕಾಫಿ, ಲಿಂಬೆ ಶರಬತ್ತು ಎಂತದ್ದೂ ಬೇಡ, ಬಾಯಿ ಹುಳಿಯಾದ್ರೆ ನಿಕೋಟಿನ್ ಹೀರುದಿಲ್ಲ. 4 ಮಿಲಿಗ್ರಾಮ್ ಬೇಕಾದ್ರೆ ಡಾಕ್ಟ್ರ ಚೀಟಿ ಬೇಕು. ಬಿಪಿ, ಹಾರ್ಟು ಅಂತ ಎಂತಾದ್ರೂ ಇದ್ರೆ ಮೊದ್ಲೇ ಕೇಳಿ.

ಇನ್ನೊಂದು, ಪೂರ್ತಿ ಬಿಟ್ಟವರು ಕಾಫಿ ಅರ್ಧ ಮಾಡಿ. ಸೇದುವವರ ಲಿವರ್ ಕಾಫಿಯ ಕೆಫೀನನ್ನು ಬೇಗ ಕರಗಿಸ್ತದೆ, ಅದು ಹೊಗೆಯಿಂದ ಆಗುದು, ನಿಕೋಟಿನಿಂದ ಅಲ್ಲ. ಹೊಗೆ ನಿಂತ ಮೇಲೆ ಅದೇ ಮೂರು ಲೋಟ ಕಾಫಿ ತಲೆಗೇರ್ತದೆ, ಎದೆ ಡವಡವ, ನಿದ್ದೆ ಇಲ್ಲ, ಜನ ಅದನ್ನೂ ಸಿಗರೇಟು ಬಿಟ್ಟದ್ದರ ಲೆಕ್ಕಕ್ಕೆ ಹಾಕಿ ಪುನಃ ಹಚ್ಚುದು.

---

ಅಕ್ಕಲಕೋಟ ಟ್ಯಾಂಕರ್:

ನಮಸ್ಕಾರ್ರೀ ಎಲ್ಲಾರಿಗೂ. ನಾ ಸೊಲ್ಲಾಪುರ ಜಿಲ್ಲಾದಾಂವ, ಮನ್ಯಾಗ ಕನ್ನಡ, ಸಾಲಿ ಮರಾಠಿ, ಬರ್ಯೂದು ತಪ್ಪಾದ್ರ ಕ್ಷಮಾ ಮಾಡ್ರಿ. ಪೆಟ್ರೋಲ್ ಟ್ಯಾಂಕರ್ ಹೊಡೀತೀನಿ. ನಮ್ಮ ಕೆಲಸದಾಗ ಸಿಗರೇಟ ಬಂದ್ ಅಂದ್ರ ಖರೇನ ಬಂದ್, ಯಾರೂ ದಂಡ ಹಾಕೂದು ಬ್ಯಾಡ, ಒಂದು ಕಿಡಿ ಸಾಕು.

ಅದಕ್ಕ ನಾ ಏನ ಮಾಡ್ದೆ, ಸಿಗರೇಟ ಬಿಟ್ಟು ಮಾವಾ ಹಿಡದೆ. ಅಡಕಿ, ತಂಬಾಕ, ಸುಣ್ಣ ಪ್ಲಾಸ್ಟಿಕ್ ಹಾಳ್ಯಾಗ ಹಾಕಿ ಗಸಗಸ ತಿಕ್ಕಿ ಕೊಡ್ತಾರಲ್ಲ ಅದು. ಹೊಗಿ ಇಲ್ಲ, ವಾಸನಿ ಇಲ್ಲ, ಸಾಹೇಬ್ರ ಮುಂದ ನಿಂತ್ರೂ ಗೊತ್ತಾಗೂದಿಲ್ಲ, ಸ್ಟೇರಿಂಗ ಹಿಡಕೊಂಡೇ ಹಾಕ್ಕೋಬಹುದು. ಗುಟಕಾ ಮಹಾರಾಷ್ಟ್ರದಾಗ 2012ಕ್ಕನ ಬಂದ್ ಆಗ್ಯದ, ಅದು ಬಂದ್ ಆದಮ್ಯಾಲೆ ಈ ತಿಕ್ಕಿದ ಮಾವಾಕ್ಕ ಇನ್ನಾ ಭಾವ ಬಂತು. ಒಂದು ಬಾಗಿಲಾ ಮುಚ್ಚಿದ್ರ ಇನ್ನೊಂದು ತಗೀತದ ಅಂತಾರಲ್ಲ ಹಂಗ.

ಎಂಟು ವರ್ಷ ಹಾಕ್ದೆ. ಮೊದಲ ಖಾರ ಉಣ್ಣಲಾಕ ಬರಲಿಲ್ಲ, ಬಾಯಿ ಉರಿ, ನಾ ಅಂದೆ ಪಿತ್ತ ಆಗ್ಯದ. ಆಮ್ಯಾಲ ಭಜಿ ಇಡಿದು ಬಾಯಾಗ ಹೋಗವಲ್ದು. ಹಲ್ಲಿನ ಡಾಕ್ಟ್ರು ಮೂರು ಬಟ್ಟು ನಿಲ್ಲಿಸಿ ಬಾಯಾಗ ಹಾಕ್ಕೋ ಅಂದ್ರು, ಎರಡೇ ಹೋದವು. ನೀವೆಲ್ಲ ಓದ್ಕೋತ ಒಮ್ಮೆ ಹಾಕ್ಕೊಂಡು ನೋಡ್ರಿ, ಮೂರು ಬಟ್ಟು, ಒಂದ್ರ ಮ್ಯಾಲ ಒಂದು. ಆ ಗಲ್ಲದ ಒಳಗಿನ ಚರ್ಮ ಹಗ್ಗದಂಗ ಬಿರುಸಾಗ್ಯದ, ಇದು ತಂಬಾಕಕ್ಕಿಂತ ಅಡಕಿದ್ದೇ ಕಾರಭಾರ ಅಂದ್ರು, ಇನ್ನ ಹಿಂದ ಪೂರಾ ಬರೂದಿಲ್ಲಂತ. ಈಗ ಎಲ್ಲಾ ಬಿಟ್ಟೀನಿ, ದಿನಾ ಕಟ್ಟಿಗಿ ಕಡ್ಡಿ ಇಟ್ಟು ಬಾಯಿ ತಗ್ಯೂ ವ್ಯಾಯಾಮ ಮಾಡ್ತೀನಿ.

ಉಪ್ಪಳ ಅಣ್ಣಾ, ಆಫೀಸದಾಗ ಚಟಕ್ಕ ಜಾಗಾ ಇಲ್ಲಂತ ಬಾಯಾಗ ಜಾಗಾ ಕೊಡಬ್ಯಾಡ.

---

ತಲಪಾಡಿ ಟೋಲ್:

ಅಡಿಕೆಗೆ ಬೈಯುದು ಮಾತ್ರ ಬೇಡ ಮಾರಾಯ್ರೆ, ನಮ್ಮ ಊರಿನ ಅನ್ನ ಅದು 😄 ಮೊದ್ಲೇ ಹಳದಿ ರೋಗ, ಎಲೆಚುಕ್ಕಿ ಅಂತ ಸಾಯ್ತಾ ಇದ್ದೇವೆ.

ವಿಷಯಕ್ಕೆ ಬರ್ತೇನೆ. ಈ ಬಂದ್ ಎಲ್ಲ ಕಾಗದದಲ್ಲಿ. ತಲಪಾಡಿಯ ಈಚೆ ಕೇರಳದಲ್ಲಿ ಫೈನು 200, ಆಚೆ ಕರ್ನಾಟಕ 2025ರಲ್ಲಿ 1000 ಮಾಡಿದೆ, ಆಚೆ 21 ವರ್ಷ ಆಗದವರಿಗೆ ಮಾರುವ ಹಾಗೂ ಇಲ್ಲ, ಈಚೆ 18 ಸಾಕು. ಅಂದ್ರೆ 19ರ ಹುಡುಗ ಮಂಜೇಶ್ವರದಲ್ಲಿ ದೊಡ್ಡವ, ಬಸ್ಸಲ್ಲಿ ಹತ್ತು ನಿಮಿಷ ಹೋದ್ರೆ ಮಗು. ಯಾರಿಗೆ ಎಷ್ಟು ಫೈನು ಬಿದ್ದಿದೆ ನೋಡಿದವರುಂಟಾ ಇಲ್ಲಿ? ನಾನು ಇಷ್ಟು ವರ್ಷ ರೋಡಲ್ಲಿ ಸೇದಿದ್ದೇನೆ, ಒಂದು ರೂಪಾಯಿ ಕೊಡ್ಲಿಲ್ಲ.

---

ಬದಿಯಡ್ಕದ ಹಳಬ:

@ತಲಪಾಡಿ ಟೋಲ್, ನೀವು ಬಸ್ಸಿನ ಒಳಗೆ ಹಚ್ಚುತ್ತೀರಾ? ಇಲ್ಲ ಅಲ್ವಾ. ಫೈನು ಕೊಟ್ಟಿಲ್ಲ ನಿಜ, ಆದ್ರೂ ಹಚ್ಚುದಿಲ್ಲ. ಮೊದ್ಲು ಯಕ್ಷಗಾನ ಬಯಲಾಟಕ್ಕೆ ಹೋದ್ರೆ ರಂಗಸ್ಥಳದ ಎದುರು ಹೊಗೆಯ ಮೋಡ, ಈಗ ಸೇದುವವ ತಾನಾಗೇ ಎದ್ದು ಚರುಂಬುರಿ ಗಾಡಿಯ ಹತ್ರ ಹೋಗ್ತಾನೆ. ಅವನನ್ನು ಎಬ್ಬಿಸಿದ ಪೊಲೀಸು ಯಾರು?

---

ಬೀಡಿಕಟ್ಟಿದವಳ ಮಗಳು:

ಎಲ್ಲ ಸೇದುವವರ ಕಷ್ಟವೇ ಆಯ್ತು, ಒಂದು ನಮ್ಮ ಕಡೆಯಿಂದ ಹೇಳ್ತೇನೆ.

ಮಂಜೇಶ್ವರದ ಹತ್ರ ನಮ್ಮ ಮನೆ, ಅಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದ್ದು. ರಾತ್ರಿ ಎಲೆ ನೆನೆಸಿ ಇಡುದು, ಬೆಳಿಗ್ಗೆ ಕತ್ತರಿಸುದು, ಮಡಿಲಲ್ಲಿ ತಡ್ಪೆ, ಸಾವಿರ ಕಟ್ಟಿದ್ರೆ ಬ್ರಾಂಚಿಗೆ ಕೊಂಡೋಗುದು, ಅಲ್ಲಿ ನೂರೋ ಇನ್ನೂರೋ ಸರಿ ಇಲ್ಲ ಅಂತ ತೆಗೆದು ಬಿಸಾಡುದು. ಹೊಗೆಸೊಪ್ಪಿನ ಪುಡಿ ಮನೆಯಲ್ಲೆಲ್ಲ, ತಂಗಿ ಸೀನುತ್ತಲೇ ದೊಡ್ಡವಳಾದ್ಲು. ಅಮ್ಮ ಒಂದು ದಮ್ಮೂ ಎಳೆದವಳಲ್ಲ. ಅಪ್ಪ ಎಳೀತಿದ್ರು, ಬಸ್ಸಲ್ಲಿ ಬಂದ್ ಆದ್ಮೇಲೆ ಬಸ್ಸಿಳಿದು ಮನೆ ಜಗಲಿಗೆ ಬಂದೇ ಹಚ್ಚುದು, ನಾವು ಅಲ್ಲೇ ಓದ್ಲಿಕ್ಕೆ ಕೂರುದು. ಬಸ್ಸಿನ ಹೆಂಗಸರಿಗೆ ಬಾಯಿ ಬಂತು ಅಂದ್ರಲ್ಲ, ಆ ಬಾಯಿ ಮನೆಯಲ್ಲಿ ಬರ್ಲಿಕ್ಕೆ ನಮ್ಮಲ್ಲಿ ಎಷ್ಟೋ ವರ್ಷ ಹಿಡೀತು.

ಬಂದ್ ಮಾಡಿದ್ರೆ ಹೊಗೆ ಮನೆಗೆ ಬರ್ತದೆ ಅಂತ ಸ್ಕಾಟ್ಲೆಂಡಲ್ಲೂ ಹೆದರಿದ್ರಂತೆ. 2006ರಲ್ಲಿ ಅಲ್ಲಿ ಕಾನೂನು ಬಂದ ಮೇಲೆ ಹನ್ನೊಂದರ ಆಸುಪಾಸಿನ ಮಕ್ಕಳ ಜೊಲ್ಲು ಪರೀಕ್ಷೆ ಮಾಡಿ ನೋಡಿದ್ರೆ ಹೊಗೆಯ ಗುರುತು ಶೇಕಡಾ 39 ಇಳಿದಿತ್ತು. ಆದ್ರೆ ಅಮ್ಮ ಸೇದುವ, ಇಬ್ಬರೂ ಸೇದುವ ಮನೆಗಳಲ್ಲಿ ಅಂಥಾ ಇಳಿಕೆ ಕಾಣ್ಲಿಲ್ಲ. ಹಾಗಾಗಿ ಉಪ್ಪಳದವರೇ, ನಿಮ್ಮ ಭಾನುವಾರದ 14ರಲ್ಲಿ ಬಾತ್‌ರೂಮಿನದ್ದು ಎಷ್ಟು? ನಿಮ್ಮ ನಂತ್ರ ಸ್ನಾನಕ್ಕೆ ಹೋಗುದು ಯಾರು?

ಬೀಡಿ ಬಂದ್ ಆದ್ರೆ ಕಟ್ಟುವವರ ಗತಿ ಎಂತ ಅಂತ ಕೇಳುವವರಿಗೂ ಒಂದು ಮಾತು. 1968ರಲ್ಲಿ ಕೇರಳ ಬೀಡಿ ಕಾರ್ಮಿಕರ ಕಾನೂನು ಜಾರಿ ಮಾಡಿದಾಗ ಮಂಗಳೂರಿನ ದೊಡ್ಡ ಕಂಪನಿಗಳು ಕಣ್ಣೂರು ಕಡೆಯ ಕೆಲಸ ಮುಚ್ಚಿ ಹೋದವು, ಸಾವಿರಾರು ಜನ ಬೀದಿಗೆ. ಮರುವರ್ಷ ಅವರೇ ಸೇರಿ ದಿನೇಶ್ ಬೀಡಿ ಸೊಸೈಟಿ ಮಾಡಿದ್ರು. ಈಗ ಅದೇ ದಿನೇಶ್ ಕೊಡೆ ಮಾಡ್ತದೆ, ಮಸಾಲೆ ಪುಡಿ, ತೆಂಗಿನ ಹಾಲು ಮಾಡ್ತದೆ. ನನ್ನ ಅಮ್ಮನ ಹತ್ರ ಇರುದು ದಿನೇಶ್ ಕೊಡೆಯೇ.

---

ಉಪ್ಪಳ ಪ್ಯಾಸೆಂಜರ್:

ಎರಡು ವಾರ ಆಯ್ತು, ಎಲ್ಲ ಓದಿದೆ. ಬೀಡಿಕಟ್ಟಿದವಳ ಮಗಳು ಅವ್ರೇ, ನಿಮ್ಮ ಪ್ರಶ್ನೆಗೆ ಉತ್ತರ ಮಗಳು. ಅವಳೇ ನನ್ನ ನಂತ್ರ ಹೋಗುದು. ಅದನ್ನು ಓದಿದ ದಿನ ಬಾತ್‌ರೂಮಿನ ಬೆಂಕಿಪೆಟ್ಟಿಗೆ ತೆಗೆದು ಅಡಿಗೆಮನೆಗೆ ಕೊಟ್ಟೆ, ಹೆಂಡತಿ ಎಂತ ಅಂತ ಕೇಳ್ಲಿಲ್ಲ, ಡಬ್ಬದ ಹಿಂದೆ ಎಲ್ಲೋ ಇಟ್ಟಿದ್ದಾಳೆ.

ಈಗ ಮನೆ ಕಂಪೌಂಡಿನ ಒಳಗೆ ಇಲ್ಲ ಅಂತ ನಾನೇ ರೂಲ್ಸು ಮಾಡಿದ್ದು. ಗೇಟಿನ ಹೊರಗೆ ರೋಡಿಗೆ ಹೋಗ್ಬೇಕು, ಅಲ್ಲಿ ಹೋದ್ರೆ ಪಳ್ಳಿಯಿಂದ ಬರುವ ಹಿರಿಯರು ಯಾರಾದ್ರೂ ಎದುರು ಸಿಗ್ತಾರೆ, ಅವರೆದುರು ನಾನು ಇವತ್ತಿನವರೆಗೆ ಸೇದಿದ್ದಿಲ್ಲ, ಹಾಗೇ ತಿರುಗಿ ಬರುದು. ಮೊನ್ನೆ ಭಾನುವಾರ 8. ಹೊಸೂರಿನವರು ಹೇಳಿದ ಹಾಗೆ ಜೊತೆ ಇಲ್ಲದೆ ನಡ್ಕೊಂಡು ಹೋಗ್ಲಿಕ್ಕೆ ಬೇಜಾರು ಕೂಡ ಆಗ್ತದೆ.

ಬೆಳಗಿನದ್ದು ಮಾತ್ರ ಅಲುಗಾಡುದಿಲ್ಲ. ಗಮ್ ತಂದೆ, ಮೊದಲ ದಿನ ಮದ್ದಿನಂಗಡಿಯವ್ರು ಬೇಡ ಅಂದ ಹಾಗೇ ಜಗಿದು ಬಿಕ್ಕಳಿಕೆ ಬಂದು ಮಗಳು ನಕ್ಕದ್ದು. ಈಗ ದವಡೆಯಲ್ಲಿ ಇಡ್ಲಿಕ್ಕೆ ಕಲ್ತಿದ್ದೇನೆ. ಆದ್ರೆ ಕಾಲು ಗಂಟೆ ಮೊದ್ಲು ಕಾಫಿ ಬೇಡ ಅಂದ್ರಿ, ಎದ್ದ ಕೂಡ್ಲೆ ಕಾಫಿಯೂ ಇಲ್ಲ ಸಿಗರೇಟೂ ಇಲ್ಲ ಅಂದ್ರೆ ನಾನು ಎದ್ದೇಳುದು ಯಾಕೆ ಹೇಳಿ.

ಮೂರು ಬೆರಳು ಹಾಕಿ ನೋಡಿದೆ ಟ್ಯಾಂಕರ್ ಅಣ್ಣ, ಹೋಯ್ತು. ನೀವು ಆ ವ್ಯಾಯಾಮ ಬಿಡ್ಬೇಡಿ.

ಬರುವ ಭಾನುವಾರ ಕಾಸರಗೋಡಲ್ಲಿ ದೋಸ್ತಿಯ ಮದುವೆ. ಹಾಲ್ ಒಳಗೆ ಬೋರ್ಡು ಇರ್ತದೆ, ಹಿಂದುಗಡೆ ಅಡಿಗೆಯವರ ಹತ್ರ ನಮ್ಮ ಕಾಲೇಜಿನ ಗ್ಯಾಂಗ್ ಪೂರ್ತಿ ಇರ್ತದೆ. ಹೋಗಿ ಬಂದು ಲೆಕ್ಕ ಹಾಕ್ತೇನೆ.